ಬೆಳ್ದಿಂಗಳ ದಿನದಲ್ಲಿ ಕಡಿದ ಗಳ

ಆ ದಿನ ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು: ಹಂಡೆಯೊಲೆಗೆ ಬೆಂಕಿ ಹಾಕಿದೆ. ಹಸು ಕರೆದು, ಕೊಟ್ಟಿಗೆ ಬಾಚಿ, ಹೊಸ ಸೊಪ್ಪು ಹಾಸಿದೆ. ಅಕ್ಕಿ ರೊಟ್ಟಿ ತಟ್ಟಿದೆ. ಬದನೆಕಾಯಿ ಸುಟ್ಟು ಗೊಜ್ಜು ಮಾಡಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಕಾಳುಮೆಣಸನ್ನು ಕಣದಲ್ಲಿ ಚಾಪೆಯ ಮೇಲೆ ಹರವಿ, ಕೋಳಿ ಬಾರದ ಹಾಗೆ ಸುತ್ತ ಮುಳ್ಳು ಇಟ್ಟೆ. ಮಧ್ಯಾಹ್ನದ ಅನ್ನ ಬಸಿದು, ಹುರುಳಿ ಸಾರಿನ ಪಾತ್ರೆಯನ್ನು ಒಲೆಯ ಬದಿಗಿಟ್ಟು ಅತ್ತೆಗೆ ತೋರಿಸಿದೆ. ಮಗಳು ಬಿಟ್ಟುಹೋಗಿದ್ದ ಚೂಡಿದಾರ್ ಹಾಕಿಕೊಂಡು, ಅದರ ಮೇಲೆ ನಮ್ಮ ಮನೆಯವರ ಹಳೆಯ ತುಂಬುತೋಳಿನ ಅಂಗಿ ತೊಟ್ಟೆ. ಆಮೇಲೆ ನಾವಿಬ್ಬರೂ ಸೇರಿ ಬಿದಿರಿನ ಗಳವನ್ನು ಜೀಪಿನ ಮೇಲೆ ಕಟ್ಟಿದೆವು.

ನಮ್ಮದು ಜಾವಳಿ ಕಡೆಯ ಮನೆ. ಸ್ವಲ್ಪ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಮನೆಯ ಕೆಳಗೆ ಎರಡು ತುಂಡು ಗದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ನಲವತ್ತು ದಾಟಿತ್ತು. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ, ಮೂವರೇ. ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಇಂಥ ಮನೆಯಿಂದ ಒಬ್ಬ ಹೆಂಗಸು ಪೋಲ್‌ವಾಲ್ಟ್ ಹಾರಲಿಕ್ಕೆ ಜೀಪು ಹತ್ತಿ ಹೊರಟದ್ದು ಹೇಗೆ ಎಂದು ಆಮೇಲೆ ಕೆಲವರು ಕೇಳಿದ್ದಾರೆ. ನಡೆದ ಹಾಗೆ ಬರೆಯುತ್ತೇನೆ.

ನನ್ನ ತವರು ಸಂಸೆಯ ಹತ್ತಿರ. ಶಾಲೆಯ ದಾರಿಗೆ ಅಡ್ಡವಾಗಿ ಒಂದು ಸಣ್ಣ ಹಳ್ಳವಿತ್ತು. ಮಳೆಗಾಲದಲ್ಲಿ ಮರದ ಸಂಕ ಕೊಚ್ಚಿಹೋದರೆ, ಅದನ್ನು ಮತ್ತೆ ಹಾಕುವವರೆಗೆ ಮಕ್ಕಳೆಲ್ಲ ಬಿದಿರು ಊರಿ ಹಾರಿ ದಾಟುತ್ತಿದ್ದೆವು. ಅದಕ್ಕೆಂದೇ ದಡದಲ್ಲಿ ಒಂದು ಗಳ ಒರಗಿರುತ್ತಿತ್ತು. ದಾಟಿದವರು ಅದನ್ನು ಹಿಂದಿನವರಿಗೆ ವಾಪಸು ಎಸೆಯಬೇಕು. ಎಸೆಯದೆ ಓಡಿಹೋದವರಿಗೆ ಶಾಲೆಯಲ್ಲಿ ಗುದ್ದು ಬೀಳುತ್ತಿತ್ತು.

ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಒಂದು ದಿನ ಕೊಡೆ ಹಿಡಿದು ನಿಂತು ಇದನ್ನು ನೋಡಿದರು. ಮರುದಿನ ಮೈದಾನದಲ್ಲಿ ಹುಡುಗರ ಸಾಲಿಗೆ ನನ್ನನ್ನೂ ಸೇರಿಸಿದರು. ಹಳ್ಳ ದಾಟುವುದು ಉದ್ದಕ್ಕೆ, ಇದು ಎತ್ತರಕ್ಕೆ, ವ್ಯತ್ಯಾಸ ಅಷ್ಟೇ ಎಂದರು. ವ್ಯತ್ಯಾಸ ಅದಕ್ಕಿಂತ ಹೆಚ್ಚೇ ಇತ್ತು. ಓಡಿಬಂದು ಗಳದ ತುದಿಯನ್ನು ಗುಂಡಿಯಲ್ಲಿ ಊರಬೇಕು. ಕೆಳಗಿನ ಕೈಯನ್ನು ಮೇಲಿನ ಕೈಯ ಹತ್ತಿರಕ್ಕೆ ಜಾರಿಸಬೇಕು. ಕಾಲುಗಳನ್ನು ತಲೆಗಿಂತ ಮೇಲೆ ಬೀಸಬೇಕು. ಅಡ್ಡಪಟ್ಟಿಯ ಮೇಲೆ ಮೈಯನ್ನು ಮಗುಚಬೇಕು. ಕೊನೆಗೆ ಗಳವನ್ನು ಹಿಂದಕ್ಕೆ ನೂಕಿ ಕೈ ಬಿಡಬೇಕು. ಇಷ್ಟೂ ಒಂದು ಸೀನು ಬರುವಷ್ಟು ಹೊತ್ತಿನಲ್ಲಿ ಮುಗಿಯಬೇಕು. ಲಂಗದ ಒಳಗೆ ಅಣ್ಣನ ಚಡ್ಡಿ ಹಾಕಿಕೊಂಡು ಕಲಿತೆ. ಹತ್ತನೇ ತರಗತಿಗೆ ಬರುವಾಗ ಮೇಷ್ಟ್ರು ನಿಂತರೆ ಅವರ ಟೋಪಿಯಷ್ಟು ಎತ್ತರವನ್ನು ಸಲೀಸಾಗಿ ದಾಟುತ್ತಿದ್ದೆ.

ಆ ವರ್ಷ ತಾಲ್ಲೂಕು ಮಟ್ಟದ ಆಟಕ್ಕೆ ಅವರು ನನ್ನನ್ನೂ ಕರೆದುಕೊಂಡು ಹೋದರು. ಮೇಜಿನ ಹಿಂದೆ ಕುಳಿತವರು ಹುಡುಗಿಯರಿಗೆ ಈ ಆಟ ಇಲ್ಲ ಎಂದರು. ಸುಮ್ಮನೆ ತೋರಿಸಲಿಕ್ಕಾದರೂ ಹಾರಲಿ ಎಂದು ಮೇಷ್ಟ್ರು ಕೇಳಿದರು. ಬೇಡ ಎಂದರು. ನಾನು ಮರಳಿನ ಗುಂಡಿಯ ಪಕ್ಕದಲ್ಲಿ ನಮ್ಮ ಶಾಲೆಯ ಹುಡುಗರ ಅಂಗಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ದಾಟಿದವನಿಗೆ ಬಿಳಿ ಬಾವುಟ, ಪಟ್ಟಿ ಕೆಡವಿದವನಿಗೆ ಕೆಂಪು ಬಾವುಟ ಏಳುತ್ತಿತ್ತು. ನನಗಿಂತ ಒಂದು ಗೇಣು ಕೆಳಗೆ ಹಾರುವವನಿಗೂ ಬಿಳಿ ಎದ್ದಿತು. ಅಳು ಬಂದ ನೆನಪಿಲ್ಲ. ಹಸಿವಾಗಿತ್ತು. ಮೇಷ್ಟ್ರು ಬನ್ ತೆಗೆಸಿಕೊಟ್ಟರು.

ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಯಿತು, ಮದುವೆಯಾಯಿತು, ಜಾವಳಿಗೆ ಬಂದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಕೈಗೆ ಬಂದ ಉದ್ದನೆಯ ಬಿದಿರೆಂದರೆ ಹಲಸಿನಕಾಯಿ ಕೀಳುವ ದೋಟಿ ಮಾತ್ರ.

ಕಳಸದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಮೇಷ್ಟ್ರು ಸಿಕ್ಕಿದರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಊಟದ ಸಾಲಿನಲ್ಲಿ ನನ್ನ ಎದುರೇ ಕುಳಿತರು. ಪರೀಕ್ಷೆ ಮುಗಿದ ಮೇಲೆ ಶಾಲೆಯಲ್ಲಿ ಹಳೆ ವಿದ್ಯಾರ್ಥಿಗಳ ಆಟ ಇಟ್ಟುಕೊಂಡಿದ್ದಾರೆ, ತಾನೇ ನಡೆಸಿಕೊಡಬೇಕಂತೆ ಎಂದರು.

“ಈಗ ಹೆಂಗಸರಿಗೂ ಪೋಲ್‌ವಾಲ್ಟ್ ಇದೆ ಮಾರಾಯ್ತಿ. ಪೇಪರಲ್ಲಿ ಬಂದಿತ್ತು. ನೋಡಿದ್ಯಾ?”

“ಪೇಪರು ನಮ್ಮನೆಗೆ ಬರೂದು ಸಾಮಾನು ಕಟ್ಕೊಂಡು ಸಾರ್. ಅದ್ರಲ್ಲಿ ಅರ್ಧ ಹರ್ದೋಗಿರ್ತದೆ.”

“ನೀನು ಬಂದ್ರೆ ಪೋಲ್‌ವಾಲ್ಟೂ ಇಡ್ತೀನಿ. ಬಾವುಟ ನಾನೇ ಹಿಡೀತೀನಿ. ಆದ್ರೆ ನೋಡು, ಕೆಡವಿದ್ರೆ ಕೆಂಪೇ. ವಯಸ್ಸಾಯ್ತು ಅಂತ ಬಿಳಿ ಎತ್ತೋನಲ್ಲ ನಾನು.”

“ಎತ್ತೂದು ಬ್ಯಾಡ ಸಾರ್” ಎಂದೆ.

ಪಾಯಸ ಬರುವ ಹೊತ್ತಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬಹುಮಾನ ಬೇಕಿರಲಿಲ್ಲ. ಹಿಂದೆ ಹಾರಿದಷ್ಟು ಎತ್ತರವೂ ಬೇಕಿರಲಿಲ್ಲ. ಒಂದು ಸಲ ಹಾರಬೇಕು, ಹಾರಿದ್ದು ಸರಿಯಾಗಿದೆ ಎಂದು ಆ ಬಿಳಿ ಬಾವುಟ ಏಳಬೇಕು. ನನ್ನ ಯಾವ ಹಾರಾಟಕ್ಕೂ ಅದುವರೆಗೆ ಬಾವುಟ ಎದ್ದಿರಲಿಲ್ಲ, ಕೆಂಪು ಸಹ.

ಮೊದಲು ಗಳ ಬೇಕಿತ್ತು. ನಮ್ಮ ಕಡೆ ಬಿದಿರನ್ನು ಕಂಡ ದಿನ ಕಡಿಯುವುದಿಲ್ಲ. ಹುಣ್ಣಿಮೆ ಕಳೆದು, ಅಮಾವಾಸ್ಯೆ ಹತ್ತಿರವಾಗುವ ಕತ್ತಲ ದಿನಗಳಲ್ಲಿ ಕಡಿಯಬೇಕು. ಬೆಳ್ದಿಂಗಳ ದಿನಗಳಲ್ಲಿ ಕಡಿದರೆ ಹುಳ ಹಿಡಿದು, ವರ್ಷದೊಳಗೆ ಹಿಟ್ಟು ಉದುರುತ್ತದೆ ಎನ್ನುತ್ತಾರೆ. ನಮ್ಮ ಮನೆಯವರಂತೂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೇಲಿಯ ಗೂಟಕ್ಕೆ ಬಿದಿರು ಬೇಕಾದರೂ ಕ್ಯಾಲೆಂಡರ್ ನೋಡಿಯೇ ಕತ್ತಿ ಹಿಡಿಯುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಅಮಾವಾಸ್ಯೆಯ ಹಿಂದಿನ ದಿನ ಗದ್ದೆಯಂಚಿನ ಹಿಂಡಿಲಿನಿಂದ ಕೈಹಿಡಿತಕ್ಕೆ ಸರಿಯಾದ, ಒಳತೂತು ಸಣ್ಣದಿರುವ ಒಂದು ಬಿದಿರನ್ನು ಆರಿಸಿ ಕಡಿದೆ. ಕವಲುಗಳನ್ನು ಗಂಟಿನ ಮಟ್ಟಕ್ಕೇ ಸವರಿದೆ. ಕೆರೆಯಲ್ಲಿ ಮುಳುಗಿಸಿ ಕಲ್ಲು ಹೇರಿದೆ. ಕೆಲವು ದಿನ ಬಿಟ್ಟು ತೆಗೆದು, ಸೌದೆ ಕೊಟ್ಟಿಗೆಯ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿದೆ.

ಅದು ಒಣಗುವವರೆಗೆ ಬೇಲಿಯ ಒಂದು ಹಳೇ ಕೋಲು ಹಿಡಿದು ಗದ್ದೆಯಲ್ಲಿ ಓಡುತ್ತಿದ್ದೆ. ಕೊಯ್ಲಾಗಿ ಗದ್ದೆ ಒಣಗಿತ್ತು. ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ, ಹಸು ಬಿಡಿಸಿಕೊಂಡು ಬರುವ ಮೊದಲು ನನಗೆ ಅಷ್ಟು ಹೊತ್ತು ಬಿಡುವು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತೋಟದ ಹೆಂಗಸರು ತೊಡುವ ಹಾಗೆ ಮೇಲೊಂದು ಗಂಡಸರ ಅಂಗಿ ತೊಡುತ್ತಿದ್ದೆ. ಮೊದಲ ವಾರ ಓಡಿದ್ದಷ್ಟೇ. ಎರಡನೆಯ ವಾರ ಕೋಲು ಊರಿದಾಗ ಭುಜ ಕಿತ್ತು ಬಂದ ಹಾಗಾಯಿತು. ಮೈ ಮೇಲೇಳಲಿಲ್ಲ. ಮೈಗೆ ಭಾರ ಬಂದದ್ದು ಗೊತ್ತಿತ್ತು. ಅದು ಎಲ್ಲೆಲ್ಲಿ ಬಂದು ಕುಳಿತಿದೆ ಎಂಬುದು ಕೋಲಿಗೆ ಜೋತುಬಿದ್ದಾಗ ಗೊತ್ತಾಯಿತು.

ಅತ್ತೆ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ನೋಡುತ್ತಿದ್ದರು. ಮೊದಲು ಹಾವು ಬಂದಿದೆ ಅಂದುಕೊಂಡರಂತೆ. ಆಮೇಲೆ ಕರೆದು ಕೇಳಿದರು. ಹೇಳಿದೆ.

“ಈ ವಯಸ್ಸಲ್ಲಿ ಮರ ಹತ್ತೋರನ್ನ ನೋಡಿದೀನಿ ಕೂಸೇ, ಗಾಳಿ ಹತ್ತೋರನ್ನ ನೋಡಿರ್ಲಿಲ್ಲ” ಎಂದರು.

“ಬ್ಯಾಡ ಅಂತೀರಾ ಅತ್ತೆ?”

“ನಾನೆಂತಕ್ಕೆ ಬ್ಯಾಡ ಅನ್ಲಿ? ಬಿದ್ರೆ ಬಿಸಿನೀರು ಕಾಯ್ಸೋಕೆ ನನ್ನ ಕೈಲಿ ಆಗೂದಿಲ್ಲ, ಅದೊಂದು ನೆನಪಿಟ್ಕ. ಅವನಿಗೆ ಹೇಳಿದ್ಯಾ?”

“ಇನ್ನೂ ಇಲ್ಲ.”

“ಹೇಳು” ಎಂದರು.

ಹೇಳಬಾರದೆಂದು ಇರಲಿಲ್ಲ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬೇಕಾದ ಮಾತುಗಳಿದ್ದವು: ಗೊಬ್ಬರ ಬಂತು, ಪಂಪು ಕೆಟ್ಟಿತು, ಕೂಲಿಯವರು ನಾಳೆ ಬರುವುದಿಲ್ಲ. ಹಾರುವ ವಿಷಯ ಅವುಗಳ ನಡುವೆ ಎಲ್ಲೂ ಹೊಂದುತ್ತಿರಲಿಲ್ಲ. ಮನೆಯವರು ಸಂಜೆ ಸುಸ್ತಾಗಿ ಬಂದು ಕೈಕಾಲು ತೊಳೆದು ಕುಳಿತಾಗ ನಾಳೆ ಹೇಳೋಣ ಅನ್ನಿಸುತ್ತಿತ್ತು. ಹೀಗೆ ದಿನ ಹೋಯಿತು. ಅಷ್ಟರಲ್ಲಿ ಮೆಣಸು ಹಣ್ಣಾಗತೊಡಗಿತು.

ಮೆಣಸು ಕೊಯ್ಯಲು ನಮ್ಮಲ್ಲಿ ಒಂಟಿ ಬಿದಿರಿನ ಏಣಿ. ಒಂದು ಉದ್ದನೆಯ ಗಳಕ್ಕೆ ಗೇಣು ಗೇಣಿಗೆ ತೂತು ಕೊರೆದು, ಕಾಲಿಡಲು ಗೂಟ ತೂರಿಸಿದರೆ ಆಯಿತು. ಬಳ್ಳಿಗೆ ಪೆಟ್ಟಾಗದ ಹಾಗೆ ಮರಕ್ಕೆ ಒರಗಿಸಿ ಹತ್ತಬಹುದು. ಒಂದು ದಿನ ನಾನು ಕೊಟ್ಟಿಗೆಹಾರಕ್ಕೆ ಹೋಗಿ ಸೀಮೆಎಣ್ಣೆ, ಬೆಲ್ಲ, ಅತ್ತೆಯ ಮಾತ್ರೆ ತೆಗೆದುಕೊಂಡು ಬಂದಾಗ ಸೌದೆ ಕೊಟ್ಟಿಗೆಯ ಮುಂದೆ ಬಿದಿರಿನ ಪುಡಿ ಬಿದ್ದಿತ್ತು. ನನ್ನ ಗಳಕ್ಕೆ ಬುಡದಿಂದ ತುದಿಯವರೆಗೆ ತೂತು ಕೊರೆದು ಗೂಟ ಹೊಡೆದಾಗಿತ್ತು. ಮನೆಯವರು ಅದನ್ನು ಹಲಸಿನ ಮರಕ್ಕೆ ಒರಗಿಸಿ, ಮೂರನೆಯ ಗೂಟದ ಮೇಲೆ ನಿಂತು ಕುಣಿಸಿ ನೋಡುತ್ತಿದ್ದರು.

“ಒಳ್ಳೆ ಬಿದಿರು ಕಡ್ದಿಟ್ಟಿದೀಯ ಕಣೆ” ಎಂದರು. “ನೀರಿಗೂ ಹಾಕಿದ್ದೆಯಲ್ಲ. ಇಂಥಾ ಏಣಿ ಈ ಮನೇಲಿ ಆಗಿರ್ಲಿಲ್ಲ.”

ನಾನು ಚೀಲ ಕೆಳಗಿಟ್ಟೆ.

“ಅದು ಏಣಿಗಲ್ಲ.”

“ಮತ್ತೆ?”

“ಹಾರೋಕೆ.”

ಅವರು ಗೂಟದಿಂದ ಇಳಿದರು. “ಎಲ್ಲಿಗೆ?”

ಜಗಲಿಯಲ್ಲಿ ಅತ್ತೆ ನಗಲು ತೊಡಗಿದರು. ಬಾಯಲ್ಲಿ ಎಲೆ ಇದ್ದದ್ದರಿಂದ ಕೆಮ್ಮು ಹತ್ತಿ, ನೀರು ಕೊಡಬೇಕಾಯಿತು. ಅವರು ಸುಧಾರಿಸಿಕೊಂಡ ಮೇಲೆ ನಾನು ಅಲ್ಲಿಯೇ ಕಂಬಕ್ಕೊರಗಿ ನಿಂತು ಹಳ್ಳದಿಂದ ಹಿಡಿದು ಮದುವೆಮನೆಯ ಮಾತಿನವರೆಗೆ ಹೇಳಿದೆ. ಬಿಳಿ ಬಾವುಟದ ವಿಷಯವನ್ನೂ ಹೇಳಿದೆ. ಮದುವೆಯಾದಾಗಿನಿಂದ ನನಗೆ ಹಾರಲು ಬರುತ್ತದೆಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗುವಂಥ ಸಂದರ್ಭವೂ ಬಂದಿರಲಿಲ್ಲ. ಅವರು ತೂತುಗಳ ಮೇಲೆ ಬೆರಳಾಡಿಸುತ್ತ ಕೇಳಿದರು.

“ಇದ್ರಲ್ಲೇ ಆಗೂದಿಲ್ವಾ? ಗೂಟ ಕಿತ್ರೆ?”

“ತೂತಿರೋ ಕಡೆ ಮುರೀತದೆ. ಮೇಲೆ ಇರುವಾಗ ಮುರಿದ್ರೆ ಹೊಟ್ಟೆಗೇ ಚುಚ್ಚೂದು.”

“ಹೌದು” ಎಂದರು. ಆ ಮಧ್ಯಾಹ್ನ ಅದೇ ಏಣಿ ಹತ್ತಿ ಮೆಣಸು ಕೊಯ್ದರು. ಏಣಿ ಚೆನ್ನಾಗಿಯೇ ಇತ್ತು.

ಮರುದಿನ ಕಾಫಿ ಕುಡಿದು ಕತ್ತಿ ಮಸೆಯುತ್ತಿದ್ದರು. ಎಲ್ಲಿಗೆ ಎಂದೆ. ಬಿದಿರು ಹಿಂಡಿಲಿಗೆ ಎಂದರು.

“ಇವತ್ತಾ? ಹುಣ್ಣಿಮೆ ಹತ್ರ ಬಂತಲ್ಲ. ಹುಳ ಹಿಡೀತದೆ.”

“ಕತ್ತಲು ಬರೋ ತನಕ ಕಾದ್ರೆ ನಿನ್ನ ಆಟ ಮುಗ್ದಿರ್ತದೆ. ನೀನು ಒಂದ್ಸಲ ಹಾರು. ಆಮೇಲೆ ಹುಳ ತಿಂದ್ಕಳ್ಲಿ.”

ಅತ್ತೆ ಒಳಗಿನಿಂದ ಕೇಳಿಸಿಕೊಂಡರು. “ನಿನ್ನಪ್ಪ ಇದ್ದಿದ್ರೆ ಆ ಕತ್ತೀಲೇ ನಿನ್ನ ಹೊಡೀತಿದ್ರು” ಎಂದರು. ಮನೆಯವರು ಕತ್ತಿ ಹಿಡಿದು ಹೋದರು. ಬೆಳ್ದಿಂಗಳ ದಿನದಲ್ಲಿ ಅವರು ಬಿದಿರಿಗೆ ಕತ್ತಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಿದಿರು ಹೊತ್ತು ತರುವಾಗ ರಸ್ತೆಯ ಕಡೆಯಿಂದ ಬಾರದೆ, ಯಾರೂ ನೋಡದಂತೆ ಗದ್ದೆಯಿಂದಲೇ ಬಂದರು.

ನೀರಿಗೆ ಹಾಕುವಷ್ಟು ದಿನವಿರಲಿಲ್ಲ. ಒಣಹುಲ್ಲಿನ ಬೆಂಕಿಯ ಮೇಲೆ ಸೋಕಿಸಿ, ಎರಡು ಮರಗಳ ಸಂದಿಗೆ ಸಿಕ್ಕಿಸಿ ಒತ್ತಿ, ಅದರ ಸೊಟ್ಟ ತೆಗೆದರು. ಆದರೂ ಹಸಿ ಹಸಿಯೇ. ಹಳೆಯದಕ್ಕಿಂತ ಎಷ್ಟೋ ಭಾರ. ಎತ್ತಿಕೊಂಡು ಓಡಿದರೆ ತುದಿ ನೆಲದತ್ತ ಎಳೆಯುತ್ತಿತ್ತು. ಬಳುಕುವುದು ಮಾತ್ರ ಚೆನ್ನಾಗಿತ್ತು.

ಅಂದಿನಿಂದ ಮಧ್ಯಾಹ್ನ ಮನೆಯವರೂ ಗದ್ದೆಗೆ ಬರತೊಡಗಿದರು. ಗಳ ಊರಲಿಕ್ಕೆ ಗುಂಡಿ ತೋಡಿ, ಅದು ಜಾರದಂತೆ ಗುಂಡಿಯ ಹಿಂಬದಿಗೆ ಹಲಗೆ ಇಟ್ಟರು. ಬೀಳುವ ಜಾಗಕ್ಕೆ ಮೊದಲು ಬೈಹುಲ್ಲು ಹಾಕಿದೆವು. ಅದನ್ನು ಹಸು ಬಂದು ತಿಂದಿತು. ಆಮೇಲೆ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಮಿಲ್ಲಿನಲ್ಲಿ ಬಿದ್ದಿದ್ದ ಹೊಟ್ಟನ್ನು ಗೋಣಿಚೀಲಗಳಿಗೆ ತುಂಬಿ ಒತ್ತೊತ್ತಾಗಿ ಜೋಡಿಸಿದೆವು. ಅದರ ಮೇಲೆ ಬಿದ್ದರೆ ನೋವಾಗುತ್ತಿರಲಿಲ್ಲ; ಚೀಲದ ಸಂದಿಯಿಂದ ಹೊಟ್ಟಿನ ಧೂಳು ಎದ್ದು ಸೀನು ಬರುತ್ತಿತ್ತು. ಎರಡು ಕವೆಕೋಲು ನೆಟ್ಟು ಅಡಿಕೆ ಮರದ ತೆಳ್ಳನೆಯ ದಬ್ಬೆಯೊಂದನ್ನು ಅಡ್ಡ ಇಟ್ಟೆವು.

ಓಡುವುದು, ಊರುವುದು, ಜೋತು ಬೀಳುವುದು ಒಂದೊಂದಾಗಿ ಕೈಗೆ ವಾಪಸು ಬಂದವು. ಬಾರದೆ ಉಳಿದದ್ದು ಒಂದೇ, ಗಳವನ್ನು ಬಿಡುವುದು. ಮೇಲೆ ಹೋಗಿ ಪಟ್ಟಿಯ ಹತ್ತಿರ ಬಂದೊಡನೆ ಕೈಗಳು ಗಳವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದವು. ಆಗ ಗಳದ ಜೊತೆಗೇ ಹಿಂದಕ್ಕೆ ಬಂದು ನಿಲ್ಲುತ್ತಿದ್ದೆ, ಇಲ್ಲವೇ ಗಳವನ್ನೂ ತಬ್ಬಿಕೊಂಡು ಮುಂದೆ ಬಿದ್ದು ದಬ್ಬೆಯನ್ನು ಮುರಿಯುತ್ತಿದ್ದೆ. ಹಲವು ದಬ್ಬೆಗಳು ಹೋದವು. ಮನೆಯವರು ಪ್ರತಿ ಸಲವೂ ಹೊಸದನ್ನು ಕೆತ್ತುತ್ತಿದ್ದರು.

“ಮೇಲೆ ಹೋದ್ಮೇಲೆ ಅದನ್ನೆಂತಕ್ಕೆ ಹಿಡ್ಕಂತೀಯ?” ಎಂದು ಒಂದು ದಿನ ಕೇಳಿದರು.

“ಬಿಟ್ರೆ ಬೀಳ್ತೀನಲ್ಲ.”

“ಹಿಡ್ಕಂಡ್ರೂ ಬೀಳ್ತಿದೀಯ.”

ಅದೂ ಸರಿಯೇ. ಹೊರಡುವ ಮೊದಲಿನ ವಾರದಲ್ಲಿ ಎರಡು ಸಲ ಬಿಟ್ಟೆ. ಎರಡು ಸಲವೂ ದಾಟಿದೆ. ಉಳಿದ ಸಲ ಬಿಡಲಿಲ್ಲ. ಆ ಲೆಕ್ಕದಲ್ಲಿಯೇ ಜೀಪು ಹತ್ತಿದೆ.

ಜೀಪು ಕೊಟ್ಟಿಗೆಹಾರದ ಒಬ್ಬ ಸಾಬರದು. ಮೆಣಸು, ಕಾಫಿ ಸಾಗಿಸಲು ಅವರೇ ನಮ್ಮ ಮನೆಗೆ ಬರುತ್ತಿದ್ದದ್ದು. ಕಳಸದ ದಾರಿಯ ತಿರುವುಗಳಲ್ಲಿ ಗಳದ ತುದಿ ಮರದ ಕೊಂಬೆಗಳಿಗೆ ತಾಗುತ್ತಿತ್ತು.

“ಏನಕ್ಕಾ, ತವರುಮನೆಗೆ ಬಿದಿರು ತಗೊಂಡು ಹೋಗೋರನ್ನ ಇವತ್ತೇ ನೋಡಿದ್ದು” ಎಂದರು ಸಾಬರು. “ಅಲ್ಲಿ ಬಿದಿರು ಬೆಳೆಯೋದಿಲ್ವಾ?”

“ಹಾರೋಕೆ” ಎಂದು ಮನೆಯವರೇ ಹೇಳಿದರು.

ಸಾಬರು ಕನ್ನಡಿಯಲ್ಲಿ ನನ್ನನ್ನು ನೋಡಿದರು. “ಅಕ್ಕನಾ?” ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, “ಹಂಗಾರೆ ನಾನು ಗಾಡಿ ನಿಲ್ಲಿಸ್ಕೊಂಡು ನೋಡೇ ಹೋಗ್ತೀನಿ” ಎಂದರು.

ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ನಿಂಬೆಹಣ್ಣು ಚಮಚ, ಸಂಗೀತ ಕುರ್ಚಿ, ಹಗ್ಗ ಜಗ್ಗಾಟ ನಡೆದಿದ್ದವು. ಉದ್ದ ಜಿಗಿತದ ಮರಳಿನ ಮೇಲೆ ಇಲ್ಲಿಯೂ ಹೊಟ್ಟಿನ ಚೀಲಗಳೇ. ಮೇಷ್ಟ್ರು ಬಿಳಿ ಪ್ಯಾಂಟು ಹಾಕಿ ಕೊರಳಿಗೆ ಸೀಟಿ ತೂಗಿಸಿಕೊಂಡಿದ್ದರು. ಪೋಲ್‌ವಾಲ್ಟಿಗೆ ನನ್ನನ್ನು ಬಿಟ್ಟು ಇನ್ನೊಬ್ಬರ ಹೆಸರಿತ್ತು. ಅವರು ಹಿಂದೆ ನನ್ನ ಜೊತೆಯೇ ಕಲಿತವರು, ಈಗ ತೋಟದ ಧಣಿಗಳು. ಬಂದು ಚೀಲಗಳನ್ನು ಒಮ್ಮೆ, ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು ವಾಲಿಬಾಲಿನ ಕಡೆ ಹೋದರು. ನಾನೊಬ್ಬಳೇ ಉಳಿದೆ.

ಮೇಷ್ಟ್ರು ಕಂಬದ ಪಕ್ಕ ನಿಂತು ತಮ್ಮ ಭುಜ ಮುಟ್ಟಿ ತೋರಿಸಿದರು. “ಇಲ್ಲಿಗೆ ಇಡ್ಲಾ?”

“ಇಡಿ ಸಾರ್.”

ಸುತ್ತ ನಿಂತವರಲ್ಲಿ ಒಬ್ಬ, “ಅಷ್ಟಕ್ಕೆ ಗಳ ಎಂತಕ್ಕೆ? ನಾನು ಹಂಗೇ ಹಾರ್ತೀನಿ” ಎಂದ.

“ಬಾರಪ್ಪ” ಎಂದರು ಮೇಷ್ಟ್ರು. ಅವನು ಬರಲಿಲ್ಲ. “ಮೂರು ಸಲ ಕೊಡ್ತೀನಿ” ಎಂದು ನನಗೆ ಹೇಳಿ, ಎರಡೂ ಬಾವುಟಗಳನ್ನು ಹಿಡಿದು ಬದಿಗೆ ಹೋದರು.

ಮೊದಲ ಸಲ ಓಡಿಬಂದು ಊರಿದೆ, ಮೈ ಏಳಲಿಲ್ಲ, ಪಟ್ಟಿಯ ಅಡಿಯಲ್ಲಿ ನುಗ್ಗಿ ಚೀಲದ ಮೇಲೆ ಕುಳಿತೆ. ಕೆಂಪು. ಜನ ನಕ್ಕರು. ನಗು ಬರುವ ಹಾಗೆಯೇ ಇತ್ತು.

ಎರಡನೆಯ ಸಲ ಮೇಲೆ ಹೋದೆ. ಕಾಲು ದಾಟಿತು, ಹೊಟ್ಟೆ ದಾಟಿತು, ಕೈಯನ್ನೂ ಬಿಟ್ಟೆ. ಆದರೆ ಬಿಟ್ಟದ್ದಷ್ಟೇ, ಹಿಂದಕ್ಕೆ ನೂಕಲಿಲ್ಲ. ಹಸಿ ಬಿದಿರು ತನ್ನ ಭಾರಕ್ಕೆ ಮುಂದೆ ವಾಲಿ, ನಾನು ಬಿದ್ದಾದ ಮೇಲೆ ನಿಧಾನವಾಗಿ ಪಟ್ಟಿಯ ಮೇಲೆ ಒರಗಿ ಅದನ್ನು ಕೆಡವಿತು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕೆಂಪು ಎತ್ತಿದರು.

ಮನೆಯವರು ಅವರ ಹತ್ತಿರ ಹೋದರು. “ದಾಟಿದ್ಳಲ್ಲ ಮೇಷ್ಟ್ರೇ.”

“ದಾಟಿದ್ಳು. ಗಳ ಕೆಡವಿತು.”

“ಹಸಿ ಬಿದಿರು, ಭಾರ ಅದು. ಒಣಗಿದ್ದು ಇತ್ತು, ನಾನೇ ತೂತು ಹೊಡ್ದೆ. ತಪ್ಪು ನನ್ನದು. ಅದನ್ನ ಅವಳ ಲೆಕ್ಕಕ್ಕೆ ಹಾಕ್ಬೇಡಿ.”

“ಬಿದಿರಿನ ಕತೆ ಆಮೇಲೆ ಕೇಳ್ತೀನಿ ಗೌಡ್ರೇ. ಈಗ ಆ ಗೆರೆಯಿಂದ ಆಚೆ ನಿಂತ್ಕಳಿ.”

ಅವರು ಗೆರೆಯ ಆಚೆ ಹೋಗಿ ನಿಂತರು. ಇಷ್ಟು ವರ್ಷಗಳಲ್ಲಿ ನನ್ನ ಪರವಾಗಿ ಅವರು ಯಾರೊಂದಿಗಾದರೂ ವಾದ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಉಳಿದದ್ದು ಒಂದು ಸಲ. ಕೈ ಒರೆಸಿಕೊಂಡೆ. ಅಂಗೈಗೆ ಮಣ್ಣು ತಿಕ್ಕಿದೆ. ಗಳವನ್ನು ಸ್ವಲ್ಪ ಕೆಳಗೆ ಹಿಡಿದೆ. ಎತ್ತರ ಕಡಿಮೆಯಾದರೂ ನೂಕಲು ಸುಲಭವಾಗಬಹುದು ಅನ್ನಿಸಿತು. ಓಡಿದೆ. ಊರಿದ ಸದ್ದು ಕೇಳಿತು. ಆಮೇಲೆ ಆದದ್ದು ಪೂರ್ತಿ ನೆನಪಿಲ್ಲ. ಪಟ್ಟಿ ಹೊಟ್ಟೆಯ ಕೆಳಗೆ ಇದ್ದದ್ದು, ಬಲಗೈಯಿಂದ ಗಳವನ್ನು ಬಾಗಿಲು ತಳ್ಳುವ ಹಾಗೆ ತಳ್ಳಿದ್ದು, ಅಂಗಿಯ ತೋಳು ಎಲ್ಲಿಗೋ ಸವರಿದ್ದು, ಇಷ್ಟು ನೆನಪಿದೆ. ಬೆನ್ನ ಮೇಲೆ ಬಿದ್ದೆ. ಹೊಟ್ಟಿನ ಧೂಳು ಕಣ್ಣಿಗೆ ಹೋಯಿತು. ಗಳ ಹಿಂದೆ ನೆಲಕ್ಕೆ ಬಿದ್ದ ಸದ್ದು ಕೇಳಿತು. ಪಟ್ಟಿ ಬಿದ್ದ ಸದ್ದು ಕೇಳಲಿಲ್ಲ.

ಕಣ್ಣುಜ್ಜಿಕೊಂಡು ನೋಡಿದರೆ ಪಟ್ಟಿ ಗೂಟಗಳ ಮೇಲೆ ನಡುಗುತ್ತಿತ್ತು. ಮೇಷ್ಟ್ರು ಎರಡು ಕೈಗಳನ್ನೂ ಕೆಳಗೇ ಇಟ್ಟುಕೊಂಡಿದ್ದರು. ಅದು ನಡುಗುವುದು ನಿಲ್ಲುವವರೆಗೆ ಅವರು ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಚೀಲದಿಂದ ಇಳಿದರೆ ಕಂಬ ಅಲ್ಲಾಡೀತೆಂದು ಬಿದ್ದಲ್ಲಿಯೇ ಇದ್ದೆ. ನಿಂತಿತು. ಆಮೇಲೆ ಬಿಳಿ ಬಾವುಟ ಎದ್ದಿತು.

ಸಾಬರು ಜೀಪಿನ ಹಾರನ್ ಒತ್ತಿದರು. ನಾನು ಎದ್ದು ಸೊಂಟದ ಹೊಟ್ಟು ಕೊಡವಿಕೊಂಡೆ. ಬಾವುಟ ಅಷ್ಟೇನೂ ಬೆಳ್ಳಗಿರಲಿಲ್ಲ; ಯಾವುದೋ ಹಳೇ ಪಂಚೆಯ ತುಂಡು, ಅಂಚಿನಲ್ಲಿ ಹಸಿರು ಗೆರೆಯಿತ್ತು. ಮೇಷ್ಟ್ರು ಅದನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಎತ್ತಿ ಹಿಡಿದಿದ್ದರು. ಕೈ ನೋವು ಬಂದ ಮೇಲೆ ಇಳಿಸಿದರು.

“ಏರಿಸ್ಲಾ?” ಎಂದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದು ಬಾವುಟ ಎದ್ದರೆ ಮನೆಗೆ ಹೋಗುವುದು ಎಂದಷ್ಟೇ ಇತ್ತು. ಆದರೆ ಕೇಳಿದಾಗ ಬೇಡವೆನ್ನಲು ಕಾರಣ ತೋಚಲಿಲ್ಲ. “ಏರಿಸಿ” ಎಂದೆ. ಅವರ ಕಿವಿಯ ಮಟ್ಟಕ್ಕೆ ಏರಿಸಿದರು. ಮೂರು ಸಲವೂ ಕೆಡವಿದೆ. ಕೊನೆಯ ಸಲ ಪಟ್ಟಿ ಬಡಿದು ಮೊಣಕೈ ಊದಿಕೊಂಡಿತು.

“ಈ ಆಟ ಹಿಂಗೇ ಕಣೆ” ಎಂದರು ಮೇಷ್ಟ್ರು ಬಾವುಟ ಸುತ್ತುತ್ತ. “ಗೆದ್ದೋರೂ ಮೂರು ಸಲ ಕೆಡವಿಯೇ ಮುಗಿಸ್ಬೇಕು. ಹೋಗಿ ಊಟ ಮಾಡು, ಅನ್ನ ಖಾಲಿಯಾಗ್ತದೆ.”

ಹೊತ್ತು ಇಳಿಯುವಾಗ ಮನೆಗೆ ಬಂದೆವು. ಅತ್ತೆ ಜಗಲಿಯಲ್ಲಿಯೇ ಇದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಮುರೀತಾ?”

“ಇಲ್ಲ ಅತ್ತೆ, ಮೊಣಕೈ ಊದಿದೆ ಅಷ್ಟೇ.”

“ಹಂಗಾರೆ ಹಾರಿದ್ಯಾ ಇಲ್ವಾ?”

“ಹಾರಿದ್ಳು ಅಮ್ಮಾ” ಎಂದರು ಮನೆಯವರು. “ಬಿಳಿ ಬಾವುಟ ಬಂತು.”

“ಎಲ್ಲಿ, ತೋರ್ಸು.”

“ಅದನ್ನ ಕೊಡೂದಿಲ್ಲ. ಎತ್ತಿ ತೋರ್ಸ್ತಾರೆ ಅಷ್ಟೇ.”

“ಕೊಡೂದಿಲ್ವಾ?” ಅತ್ತೆಗೆ ಇದು ಸರಿಬರಲಿಲ್ಲ. “ಅಷ್ಟು ದೂರ ಹೋಗಿ ಹಾರಿದೋಳಿಗೆ ಒಂದು ತುಂಡು ಬಟ್ಟೆ ಕೊಡೂದಿಲ್ಲ ಅಂದ್ರೆ ಎಂಥಾ ಜನ ಅವ್ರು. ಒಂದು ಲೋಟನಾದ್ರೂ ಕೊಡಬಹುದಿತ್ತು.”

ಮನೆಯವರು ಗಳವನ್ನು ಸೌದೆ ಕೊಟ್ಟಿಗೆಗೆ ಹೊತ್ತುಕೊಂಡು ಹೋದರು. ನಾನು ಚಾಪೆಯ ಮೆಣಸನ್ನು ಒಟ್ಟುಮಾಡಲು ಹೋದರೆ ಎಡಗೈ ಬಗ್ಗಲಿಲ್ಲ. ಅವರೇ ಬಂದು ಚೀಲಕ್ಕೆ ತುಂಬಿ, ಹಸುವನ್ನೂ ಕರೆದರು. ಅವರಿಗೆ ಹಾಲು ಕರೆಯುವುದು ಅಷ್ಟು ಬರುವುದಿಲ್ಲ. ಹಸು ಎರಡು ಸಲ ಒದೆಯಿತು, ಹಾಲು ಅರ್ಧಕ್ಕೇ ನಿಂತಿತು. ಅತ್ತೆ ಸೌದೆ ನೂಕಿ ಒಲೆ ಹಚ್ಚಿದರು. ಬೆಚ್ಚಗಿನ ನೀರಲ್ಲಿ ಮೊಣಕೈ ಅದ್ದಿಕೊಂಡು ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತೆ.

ರಾತ್ರಿಗೆ ಮಧ್ಯಾಹ್ನದ್ದೇ ಅನ್ನ, ಬಿಸಿ ಮಾಡಿದ ಹುರುಳಿ ಸಾರು, ಕೆಂಡದ ಮೇಲೆ ಸುಟ್ಟ ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ. ಹಾಲು ಕಡಿಮೆಯಿದ್ದದ್ದರಿಂದ ಮೊಸರಿಗೆ ಹೆಪ್ಪು ಹಾಕಲಿಲ್ಲ. ಬಡಿಸಿದ್ದು ಅತ್ತೆ. ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದು, ಕೈ ತೊಳೆದದ್ದು ನೆನಪಿದೆ. ಆ ಮನೆಗೆ ಬಂದ ಮೇಲೆ ನಾನು ಯಾವತ್ತೂ ದೀಪ ಆರಿಸಿ ಕೊನೆಗೆ ಮಲಗುವವಳು. ಆ ರಾತ್ರಿ ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ನಾನೇ, ಮನೆಯವರು ಹಾಸಿಗೆ ಬಿಡಿಸುವ ಮೊದಲೇ ಬರಿ ಚಾಪೆಯ ಮೇಲೆ ಮಲಗಿಬಿಟ್ಟಿದ್ದೆ ಎಂದು ಬೆಳಿಗ್ಗೆ ಅತ್ತೆ ಹೇಳಿದರು.